ಕಹಳೆಯ ಬಾಯಿ ಎತ್ತ ಕಡೆಗೆ?

ಶಬ್ದವು ಹುಟ್ಟುವ ಬಗೆಯನ್ನು ಹೇಳಹೊರಟಾಗ ಕೇಶಿರಾಜನಿಗೆ ಕಹಳೆಯ ನೆನಪಾಯಿತು. ಹದಿಮೂರನೆಯ ಶತಮಾನದ ಆ ವೈಯಾಕರಣ ತನ್ನ ‘ಶಬ್ದಮಣಿದರ್ಪಣ’ದ ಮೊದಲಲ್ಲೇ, ಜೀವನ ಇಚ್ಛೆಯೂ ಅನುಕೂಲವಾದ ಗಾಳಿಯೂ ಕೂಡಿದಾಗ ಹೊಕ್ಕುಳ ಬುಡದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳುಪು ಎಂದು ಹೇಳಿದ್ದಾನೆ. ತರಗತಿಯಲ್ಲಿ ಈ ಸೂತ್ರಕ್ಕೆ ಬಂದಾಗ ಹುಡುಗರು ಬಿಳುಪಿನ ಮಾತಿಗೆ ನಗುತ್ತಾರೆ. ಕಹಳೆಯ ಮಾತನ್ನು ಗಮನಿಸದೆ ಬಿಡುತ್ತಾರೆ. ನನಗೇನೋ ಆ ಹೋಲಿಕೆ ಬಹಳ ಸೊಗಸಾಗಿ ಕಾಣುತ್ತದೆ. ಕಹಳೆಗೆ ಒಂದು ಬಾಯಿ ಇದೆ. ಬಾಯಿ ಇದ್ದ ಮೇಲೆ ಅದು ಒಂದಲ್ಲ ಒಂದು ದಿಕ್ಕಿಗೆ ತಿರುಗಿರಲೇಬೇಕು. ಆ ದಿಕ್ಕಿನ ವಿಚಾರವನ್ನು ವೈಯಾಕರಣ ಎತ್ತಲಿಲ್ಲ. ಏಳು ಶತಮಾನಗಳ ನಂತರ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಂಬಗಳ ಮೇಲೆ, ಮಾವಿನ ಕೊಂಬೆಗಳ ಮೇಲೆ, ಜೀಪುಗಳ ನೆತ್ತಿಯ ಮೇಲೆ ಲೋಹದ ಕಹಳೆಗಳು ಕಾಣಿಸಿಕೊಂಡಾಗ ಮಾತ್ರ ಅದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಯಿತು.

ಬೂದು ಬಣ್ಣದ, ಉಮ್ಮತ್ತಿ ಹೂವಿನಂತೆ ಅಗಲ ಬಾಯಿಯ ಆ ವಸ್ತುವನ್ನು ವಾಚಕರೆಲ್ಲ ಕಂಡಿದ್ದೀರಿ. ಪುಸ್ತಕದ ಕನ್ನಡದಲ್ಲಿ ಅದು ಧ್ವನಿವರ್ಧಕ. ಬಾಡಿಗೆಗೆ ಕೊಡುವವರ ಬಾಯಲ್ಲಿ ಹಾರ್ನ್. ಉಳಿದ ಎಲ್ಲರಿಗೂ ಅದು ಮೈಕ್. ಮೈಕ್ ಎಂಬುದು ನಿಜವಾಗಿ ಮಾತನಾಡುವವನ ಮುಂದೆ ನಿಲ್ಲುವ ಸಾಧನ. ಅದು ಕೇಳಿಸಿಕೊಳ್ಳುವ ಕಿವಿಯೇ ಹೊರತು ಕೂಗುವ ಬಾಯಲ್ಲ. ಆದರೆ ನಮ್ಮ ಜನ ಕಿವಿಯ ಹೆಸರನ್ನು ಬಾಯಿಗೆ ಇಟ್ಟುಬಿಟ್ಟರು. ಭಾಷೆ ಅಧ್ಯಾಪಕರ ಅಪ್ಪಣೆ ಪಡೆದು ನಡೆಯುವುದಿಲ್ಲವಷ್ಟೆ!

ಬಯಲುಸೀಮೆಯ ಊರು ಒಂದು ಗುಂಪು. ಗುಡಿಯ ಮುಂದಿನ ಕಂಬಕ್ಕೆ ಒಂದು ಹಾರ್ನ್ ಕಟ್ಟಿದರೆ ಊರೆಲ್ಲ ಕೇಳಿತು. ಮಲೆನಾಡಿನ ಊರು ಹಾಗಲ್ಲ. ಇಲ್ಲಿ ಒಂದು ಮನೆ ಈ ಕಣಿವೆಯಲ್ಲಿ, ಇನ್ನೊಂದು ಆ ದಿಬ್ಬದ ಹಿಂದೆ. ನಡುವೆ ಅಡಕೆಯ ತೋಟ, ಅದರಾಚೆ ಗದ್ದೆ, ಮತ್ತೆ ಕಾಡು. ಊರು ಎಂಬುದು ಕಂದಾಯದ ದಾಖಲೆಯಲ್ಲಿ ಒಂದಾಗಿರುತ್ತದೆ. ಕಣ್ಣಿಗೆ ಒಂದಾಗಿ ಕಾಣುವುದಿಲ್ಲ. ಇಂಥ ನಾಡಿನಲ್ಲಿ ಹಿಂದಿನವರು ಒಬ್ಬರನ್ನೊಬ್ಬರು ಕರೆಯಲು ಮಾಡಿಕೊಂಡಿದ್ದ ಉಪಾಯವೆಂದರೆ ‘ಕೂ’ ಹಾಕುವುದು. ಎರಡು ಅಂಗೈಗಳನ್ನು ಬಾಯಿಯ ಇಕ್ಕೆಲದಲ್ಲಿ ಬೊಗಸೆಯಂತೆ ಹಿಡಿದು, ಕರೆಯಬೇಕಾದವನ ಮನೆಯ ದಿಕ್ಕಿಗೆ ಮುಖ ಮಾಡಿ, ಒಂದೇ ಸ್ವರವನ್ನು ಉದ್ದಕ್ಕೆ ಎಳೆಯುವುದು. ಮಲೆನಾಡಿನ ಮೊದಲ ಹಾರ್ನ್ ಆ ಎರಡು ಅಂಗೈಗಳೇ. ಆ ಕರೆಯಲ್ಲಿ ಪದಗಳಿರಲಿಲ್ಲ. ಇದನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ವಿದ್ಯುತ್ತಿನ ಕಹಳೆ ಹುಟ್ಟಿದ್ದು ಅಮೆರಿಕದಲ್ಲಿ. ಪೀಟರ್ ಜೆನ್ಸನ್ ಎಂಬ ಡೆನ್ಮಾರ್ಕಿನವನೂ ಎಡ್ವಿನ್ ಪ್ರಿಡ್ಹ್ಯಾಮ್ ಎಂಬ ಅಮೆರಿಕದವನೂ ಸೇರಿ, ಗ್ರಾಮೊಫೋನಿನ ತುತ್ತೂರಿಯನ್ನು ತಮ್ಮ ಹೊಸ ಯಂತ್ರಕ್ಕೆ ಜೋಡಿಸಿ, 1915ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಜನಸಮೂಹಕ್ಕೆ ಕೇಳಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಮ್ಯಾಗ್ನವಾಕ್ಸ್; ಲ್ಯಾಟಿನ್ನಿನಲ್ಲಿ ‘ದೊಡ್ಡ ದನಿ’ ಎಂದು ಅರ್ಥ. 1919ರಲ್ಲಿ ಅಧ್ಯಕ್ಷ ವಿಲ್ಸನ್ ಸ್ಯಾನ್ ಡಿಯಾಗೊ ನಗರದ ಕ್ರೀಡಾಂಗಣದಲ್ಲಿ ಹತ್ತಾರು ಸಾವಿರ ಜನರೊಡನೆ ಈ ಕಹಳೆಗಳ ಮೂಲಕ ಮಾತನಾಡಿದ. ಅದೇ ವರ್ಷ ಆರ್ಥರ್ ಗಾರ್ಡನ್ ವೆಬ್‌ಸ್ಟರ್ ಎಂಬ ಭೌತವಿಜ್ಞಾನಿ ಕಹಳೆಯ ಆಕಾರಕ್ಕೂ ಅದರ ದನಿಗೂ ಇರುವ ಸಂಬಂಧವನ್ನು ಗಣಿತದಲ್ಲಿ ಕಟ್ಟಿಕೊಟ್ಟ. ಕಂಠದಿಂದ ಬಾಯವರೆಗೆ ಕಹಳೆ ಹೇಗೆ ಅಗಲವಾಗುತ್ತ ಹೋಗಬೇಕೆಂಬುದು ಅಲ್ಲಿಂದ ಮುಂದೆ ಕಮ್ಮಾರನ ಅಂದಾಜಾಗಿ ಉಳಿಯಲಿಲ್ಲ.

ಭಾರತದಲ್ಲಿ ಧ್ವನಿವರ್ಧಕವನ್ನು ಸಾರ್ವಜನಿಕ ಸಭೆಗೆ ತಂದವರಲ್ಲಿ ಮುಂಬಯಿಯ ಶಿಕಾಗೊ ರೇಡಿಯೊ ಸಂಸ್ಥೆಯ ನಾನಿಕ್ ಮೋಟವಾನಿಯವರ ಹೆಸರು ಮುಖ್ಯವಾದುದು. 1930ರ ದಶಕದ ಕಾಂಗ್ರೆಸ್ ಅಧಿವೇಶನಗಳಲ್ಲಿ ನಾಯಕರ ಮುಂದಿನ ಮೈಕಿನ ಮೇಲೆ ಆ ಸಂಸ್ಥೆಯ ಹೆಸರು ಕಾಣುತ್ತಿತ್ತು. 1942ರ ಗುಪ್ತ ಕಾಂಗ್ರೆಸ್ ರೇಡಿಯೊ ಪ್ರಕರಣದಲ್ಲಿ ಮೋಟವಾನಿಯವರೂ ಬಂಧಿತರಾದರು. 1940ರಲ್ಲಿ ದೆಹಲಿಯಲ್ಲಿ ಆರಂಭವಾದ ಅಹುಜ ಸಂಸ್ಥೆಯ ಹಾರ್ನುಗಳು ಮುಂದೆ ದೇಶದ ಹಳ್ಳಿಹಳ್ಳಿಗೆ ಹರಡಿದವು. ನಮ್ಮ ಕಡೆಯ ಮೈಕ್ ಸೆಟ್ಟಿನ ಅಂಗಡಿಗಳಲ್ಲಿ ಇಂದಿಗೂ ಆ ಹೆಸರೇ ಕಾಣುತ್ತದೆ.

ಹಳ್ಳಿಗೆ ಹಾರ್ನೇ ಏಕೆ ಬಂತು, ಪೆಟ್ಟಿಗೆಯ ಸ್ಪೀಕರ್ ಏಕೆ ಬರಲಿಲ್ಲ ಎಂದರೆ ಅದಕ್ಕೆ ಕಾರಣ ಬಡತನ. ಅಂದರೆ ವಿದ್ಯುತ್ತಿನ ಬಡತನ. ಕಾಗದದ ಕೋನು ಇರುವ ಸಾಮಾನ್ಯ ಸ್ಪೀಕರಿಗೆ ನೂರು ಪಾಲು ವಿದ್ಯುತ್ತು ಕೊಟ್ಟರೆ ಒಂದೆರಡು ಪಾಲು ಮಾತ್ರ ಸದ್ದಾಗಿ ಹೊರಬರುತ್ತದೆ. ಮಿಕ್ಕದ್ದು ಶಾಖವಾಗಿ ಹೋಗುತ್ತದೆ. ಚೆನ್ನಾಗಿ ಮಾಡಿದ ಹಾರ್ನು ಇಪ್ಪತ್ತು ಪಾಲನ್ನೂ ಮೀರಿ ಸದ್ದು ಕೊಡಬಲ್ಲದು. ಕಾರಿನ ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಆಂಪ್ಲಿಫೈಯರಿನಿಂದ ಒಂದು ಜಾತ್ರೆಗೆ ಕೇಳಿಸಬೇಕಾದರೆ ಹಾರ್ನಲ್ಲದೆ ಬೇರೆ ದಾರಿ ಇರಲಿಲ್ಲ. ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಸಾಗರ ತಾಲ್ಲೂಕಿನ ಜೋಗದಲ್ಲಿ 1948ರಲ್ಲೇ ಜಲವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. ಆ ವಿದ್ಯುತ್ತು ದೂರದ ಕಾರ್ಖಾನೆಗಳಿಗೂ ನಗರಗಳಿಗೂ ತಂತಿಯ ಮೇಲೆ ಹರಿದು ಹೋಯಿತು. ತಂತಿಯ ಕೆಳಗಿನ ಹಳ್ಳಿಗಳಲ್ಲಿ ಬಹುಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ದಂಡೆಯ ಎಷ್ಟೋ ಮನೆಗಳು ಬುಡ್ಡಿಯ ಬೆಳಕನ್ನೂ ಬಿಟ್ಟು ಎದ್ದುಹೋಗಬೇಕಾಯಿತು.

ಇನ್ನು ದಿಕ್ಕಿನ ವಿಚಾರಕ್ಕೆ ಬರೋಣ. ಕನ್ನಡ ಅಧ್ಯಾಪಕನಾದ ನನ್ನನ್ನು ಈ ವಿಷಯ ಹಿಡಿದಿಟ್ಟಿರುವುದು ಇಲ್ಲಿಯೇ.

ಶಬ್ದವು ಅಲೆ. ಅಲೆಗೆ ಉದ್ದವಿದೆ. ಸೆಕೆಂಡಿಗೆ ಐನೂರು ಸಲ ಕಂಪಿಸುವ ಸ್ವರದ ಅಲೆ ಸುಮಾರು ಎರಡು ಅಡಿ ಉದ್ದ. ಮೂರು ಸಾವಿರ ಸಲ ಕಂಪಿಸುವ ಸದ್ದಿನ ಅಲೆ ನಾಲ್ಕೂವರೆ ಅಂಗುಲಕ್ಕೆ ಮುಗಿಯಿತು. ಹಾರ್ನಿನ ಬಾಯಿ ಹದಿನಾರು ಇಪ್ಪತ್ತು ಅಂಗುಲ ಅಗಲ ಎಂದಿಟ್ಟುಕೊಳ್ಳಿ. ನಿಯಮವೇನೆಂದರೆ, ಬಾಯಿಗಿಂತ ಉದ್ದವಾದ ಅಲೆ ಹೊರಗೆ ಬಂದೊಡನೆ ಎಲ್ಲ ಕಡೆಗೂ ಬಳುಕಿ ಹರಡುತ್ತದೆ. ಬಾಯಿಗಿಂತ ಬಹಳ ಗಿಡ್ಡವಾದ ಅಲೆ ಟಾರ್ಚಿನ ಬೆಳಕಿನಂತೆ ನೆಟ್ಟಗೆ ಮುಂದಕ್ಕೆ ಹೋಗುತ್ತದೆ, ಪಕ್ಕಕ್ಕೆ ತಿರುಗಿ ನೋಡುವುದಿಲ್ಲ. ಈಗ ನಮ್ಮ ವರ್ಣಮಾಲೆಯನ್ನು ನೆನೆಯಿರಿ. ಅ, ಆ, ಓ ಮುಂತಾದ ಸ್ವರಗಳ ಬಲವೆಲ್ಲ ಇರುವುದು ಆ ಉದ್ದದ ಅಲೆಗಳಲ್ಲಿ. ಸ, ಶ, ಚ, ತ, ಟ, ಕ—ಇವುಗಳನ್ನು ಒಂದರಿಂದ ಒಂದನ್ನು ಬೇರೆಮಾಡಿ ತೋರಿಸುವ ಗುರುತೆಲ್ಲ ಇರುವುದು ಗಿಡ್ಡ ಅಲೆಗಳಲ್ಲಿ. ಆದ್ದರಿಂದ ಹಾರ್ನಿನ ನೇರಕ್ಕೆ ಕುಳಿತವನಿಗೆ ಸ್ವರವೂ ಸಿಕ್ಕಿತು, ವ್ಯಂಜನವೂ ಸಿಕ್ಕಿತು, ಮಾತು ತಿಳಿಯಿತು. ಪಕ್ಕಕ್ಕೋ ಹಿಂದಕ್ಕೋ ಇದ್ದವನಿಗೆ ಸ್ವರಗಳು ಮಾತ್ರ ಬಂದವು. ‘ಸಭೆ’ ಎಂದದ್ದೂ ‘ತಟ್ಟೆ’ ಎಂದದ್ದೂ ಅವನಿಗೆ ‘ಅ-ಎ’ ಎಂದೇ ಕೇಳಿಸಿತು. ಸದ್ದು ಇದೆ, ಅರ್ಥವಿಲ್ಲ. ‘ಕೂ’ ಹಾಕುತ್ತಿದ್ದ ಹಿಂದಿನವರು ಒಂದೇ ಸ್ವರವನ್ನು ಎಳೆಯುತ್ತಿದ್ದುದು ಎಷ್ಟು ಜಾಣತನವೆಂದು ಈಗ ಹೊಳೆಯುತ್ತದೆ. ದೂರಕ್ಕೂ ಪಕ್ಕಕ್ಕೂ ತಲುಪುವುದು ಸ್ವರವೇ ಎಂದು ಅವರ ಗಂಟಲಿಗೆ ಗೊತ್ತಿತ್ತು.

ಮಲೆನಾಡಿನಲ್ಲಿ ಇದಕ್ಕೆ ಇನ್ನೆರಡು ತೊಡಕುಗಳು ಸೇರಿಕೊಳ್ಳುತ್ತವೆ. ಮರದ ಎಲೆಗಳು ಗಿಡ್ಡ ಅಲೆಗಳನ್ನು ಚೆದುರಿಸುತ್ತವೆ. ತೋಟವನ್ನು ದಾಟುವಷ್ಟರಲ್ಲಿ ವ್ಯಂಜನಗಳು ಅರ್ಧಕ್ಕರ್ಧ ಉದುರಿಹೋಗಿರುತ್ತವೆ. ಎರಡನೆಯದು ಗುಡ್ಡ. ನೂರೆಪ್ಪತ್ತು ಮೀಟರ್ ಆಚೆಗಿರುವ ಗುಡ್ಡಕ್ಕೆ ಹಾರ್ನಿನ ಮುಖ ಮಾಡಿದರೆ ಆಡಿದ ಮಾತು ಸರಿಯಾಗಿ ಒಂದು ಸೆಕೆಂಡಿಗೆ ಹಿಂದಿರುಗಿ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ಭಾಷಣಕಾರನು ತನ್ನೊಡನೆ ತಾನೇ ವಾದ ಮಾಡುತ್ತಿರುವಂತೆ ತೋರುತ್ತದೆ. ಒಂದು ಮಾತಿನಲ್ಲಿ ಮಾತ್ರ ಪ್ರಕೃತಿ ನಮಗೆ ಉಪಕಾರ ಮಾಡಿದೆ: ಒಣಗಾಳಿಗಿಂತ ತೇವದ ಗಾಳಿ ಗಿಡ್ಡ ಅಲೆಗಳನ್ನು ಕಡಿಮೆ ಹೀರುತ್ತದೆ. ಮಂಜು ಕವಿದ ನಾಡಿನಲ್ಲಿ ಸದ್ದು ಮಂಕಾಗುತ್ತದೆಂಬುದು ಕವಿಗಳ ಮಾತು, ವಿಜ್ಞಾನದ್ದಲ್ಲ.

ತೀರ್ಥಹಳ್ಳಿಯ ಕಡೆ ನಲವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟ ಹಿರಿಯರೊಬ್ಬರು ನನಗೆ ಪರಿಚಿತರು. ಅಲೆಯ ಉದ್ದ, ಕಂಪನ ಇವೆಲ್ಲ ಅವರಿಗೆ ಬೇಕಿಲ್ಲ. “ಹಾರ್ನು ಯಾರನ್ನ ನೋಡ್ತದೋ ಅವರಿಗೆ ಮಾತು ಮೇಷ್ಟ್ರೇ, ಉಳಿದವರಿಗೆ ಬರೀ ಗಲಾಟೆ ಮಾರಾಯ್ರೆ” ಎಂದರು. ನಾನು ಎರಡು ಕಂಡಿಕೆಗಳಲ್ಲಿ ಹೇಳಿದ್ದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದರು. ಅವರು ಹಾರ್ನ್ ಕಟ್ಟುವ ಮೊದಲು ಸಭೆಯ ಜಾಗದಲ್ಲಿ ಒಮ್ಮೆ ಸುತ್ತಿ, ಜನ ಎಲ್ಲಿ ಕೂರುತ್ತಾರೆ, ಹೆಂಗಸರು ಎಲ್ಲಿ, ಕೊನೆಯ ಸಾಲು ಎಲ್ಲಿಗೆ ಬರುತ್ತದೆ ಎಂದು ನೋಡಿಕೊಳ್ಳುತ್ತಿದ್ದರಂತೆ. ಬಾಯಿಯನ್ನು ಕೊನೆಯ ಸಾಲಿನ ತಲೆಗಳ ಕಡೆಗೆ ಇಳಿಬಿಡುವುದು, ಇನ್ನೊಂದನ್ನು ಅದಕ್ಕೆ ಎದುರಾಗಿ ಕಟ್ಟದೆ ಅದರದೇ ದಿಕ್ಕಿಗೆ ತುಸು ಓರೆಯಾಗಿ ಕಟ್ಟುವುದು—ಇದು ಅವರ ಪದ್ಧತಿ. ಎರಡು ಹಾರ್ನುಗಳು ಬೀದಿಯಲ್ಲಿ ನೂರು ಮೀಟರ್ ಅಂತರದಲ್ಲಿದ್ದರೆ ಒಂದರ ಸದ್ದು ಇನ್ನೊಂದರ ಬಳಿ ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ತಡವಾಗಿ ಬರುತ್ತದೆ. ಒಂದೊಂದು ಅಕ್ಷರವೂ ಎರಡೆರಡು ಸಲ ಬೀಳುತ್ತದೆ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಬೀದಿಯುದ್ದಕ್ಕೂ ನಡೆದು ನೋಡಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಮದುವೆಯ ಮನೆಯ ಹಾರ್ನಿನ ಕಥೆ ಬೇರೆ. ಅದರ ಬಾಯಿ ಚಪ್ಪರದ ಕಡೆಗೆ ಇರುತ್ತಿರಲಿಲ್ಲ. ರಸ್ತೆಯ ಕಡೆಗೋ ಎದುರು ದಿಬ್ಬದ ಕಡೆಗೋ ಇರುತ್ತಿತ್ತು. ಅದು ಬಂದವರಿಗಾಗಿ ಹಾಡುತ್ತಿರಲಿಲ್ಲ, ಬಾರದವರಿಗಾಗಿ ಹಾಡುತ್ತಿತ್ತು! ಟೆಂಟ್ ಸಿನಿಮಾದ ಹಾರ್ನು ಕೂಡ ಹಾಗೆಯೇ. ಡೇರೆಯ ಮೇಲೆ ಕಟ್ಟಿದ ಹಾರ್ನಿನಿಂದ ಭಕ್ತಿಗೀತೆ ಕೇಳಿಸಿತೆಂದರೆ ಟಿಕೆಟ್ಟು ಕೊಡುವ ಹೊತ್ತಾಯಿತೆಂದು ಹಳ್ಳಿಯವರು ಹೆಜ್ಜೆ ಚುರುಕು ಮಾಡುತ್ತಿದ್ದರು. ಅಲ್ಲಿ ಅರ್ಥ ತಿಳಿಯಬೇಕಾಗಿರಲಿಲ್ಲ, ರಾಗ ಸಿಕ್ಕಿದರೆ ಸಾಕಿತ್ತು. ರಾಗವು ಸ್ವರದ ಬೆನ್ನೇರಿ ಬಹುದೂರ ಹೋಗುತ್ತದೆ.

ಅರ್ಥ ತಿಳಿಯಲೇಬೇಕಾದ ಸಂದರ್ಭಗಳೂ ಈ ನಾಡಿಗೆ ಬಂದವು. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಒಗ್ಗೂಡಿಸಿದರು. ಜೂನ್ ತಿಂಗಳಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು. ಜಗಳದ ಮೂಲದಲ್ಲಿ ಒಂದು ಅಳತೆಯ ಪ್ರಶ್ನೆ ಇತ್ತು: ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದು. ಕೊಳಗದಲ್ಲಿ ಒಂದು ಸೇರಿನ ವ್ಯತ್ಯಾಸ ಒಂದು ಮನೆಯ ಮಳೆಗಾಲದ ಊಟ. ಇಂಥ ವಿಷಯವನ್ನು ಸ್ವರಗಳಲ್ಲಿ ಹೇಳಲಾಗುವುದಿಲ್ಲ. ‘ಮೂರು’ ಎಂದದ್ದೂ ‘ನೂರು’ ಎಂದದ್ದೂ ಬೇರೆ ಬೇರೆಯಾಗಿ ಕೇಳಿಸಬೇಕು. ಎರಡಕ್ಕೂ ಇರುವ ಅಂತರ ಒಂದು ವ್ಯಂಜನ.

ಆ ಚಳವಳಿಯಿಂದ ಬೆಳಗಿದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದಲೂ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದಲೂ ಶಾಸನಸಭೆಗೆ ಆರಿಸಿ ಬಂದರು. ಅವರ ಮಾತುಗಾರಿಕೆಯನ್ನು ಕೇಳಿದವರು ಅದನ್ನು ವರ್ಣಿಸುವುದನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಅಂದಿನಿಂದ ಈಚೆಗೆ ಚುನಾವಣೆ ಬಂದಾಗಲೆಲ್ಲ ಮಲೆನಾಡಿನ ರಸ್ತೆಗಳಲ್ಲಿ ಹಾರ್ನ್ ಕಟ್ಟಿದ ಜೀಪುಗಳು ಓಡಾಡಿವೆ. ಜೀಪಿನ ಹಾರ್ನಿಗೆ ಒಂದು ದೌರ್ಬಲ್ಯವಿದೆ. ಅದರ ಬಾಯಿ ರಸ್ತೆಯ ಮುಂದಕ್ಕೆ, ಮನೆಗಳು ರಸ್ತೆಯ ಪಕ್ಕಕ್ಕೆ. ತಿರುವಿನಲ್ಲಿ ಜೀಪು ನಮ್ಮ ಮನೆಯ ಕಡೆ ಮುಖ ಮಾಡಿದ ಅರೆಗಳಿಗೆ ‘ನಿಮ್ಮ ಅಮೂಲ್ಯವಾದ’ ಎಂಬಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಮತದ ಚಿಹ್ನೆ ಯಾವುದೆಂದು ಹೇಳುವ ಹೊತ್ತಿಗೆ ಜೀಪು ತಿರುಗಿ ಹೋಗಿರುತ್ತದೆ. ಒಂಟಿಮನೆಗಳ ಮತದಾರರು ಭರವಸೆಗಳನ್ನು ಪೂರ್ತಿ ಕೇಳಿದ್ದೇ ಕಡಿಮೆ. ಅದು ನಷ್ಟವೋ ಲಾಭವೋ ನಾನು ಹೇಳಲಾರೆ.

ಗಿಡ್ಡ ಅಲೆಗಳು ಪಕ್ಕಕ್ಕೆ ಹರಡದೆ ನೆಟ್ಟಗೆ ಹೋಗುವ ಈ ತೊಂದರೆ ನಮ್ಮೊಬ್ಬರದೇ ಆಗಿರಲಿಲ್ಲ. ಮಾತಿನ ಚಲನಚಿತ್ರ ಬಂದಾಗ ಅಮೆರಿಕದ ಚಿತ್ರಮಂದಿರಗಳಲ್ಲೂ ನಡುವಿನ ಆಸನದವರಿಗೆ ನಾಯಕಿಯ ಮಾತು ಕಿವಿ ಚುಚ್ಚುತ್ತಿತ್ತು, ಅಂಚಿನ ಆಸನದವರಿಗೆ ಕಂಬಳಿ ಹೊದ್ದು ಮಾತಾಡಿದಂತೆ ಕೇಳಿಸುತ್ತಿತ್ತು. ಬೆಲ್ ಪ್ರಯೋಗಾಲಯದ ವೆಂಟೆ ಎಂಬವರು ಒಂದು ದೊಡ್ಡ ಬಾಯಿಯ ಬದಲು ಹಲವು ಸಣ್ಣ ಬಾಯಿಗಳನ್ನು ಜೇನುಗೂಡಿನಂತೆ ಜೋಡಿಸಿ, ಒಂದೊಂದನ್ನೂ ಒಂದೊಂದು ದಿಕ್ಕಿಗೆ ತಿರುಗಿಸಿದರು. 1936ರಲ್ಲಿ ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯವರು ರೂಪಿಸಿದ ಶಿಯರರ್ ಹಾರ್ನಿನಲ್ಲಿ ಇಂಥ ಗೂಡನ್ನೇ ಬಳಸಿದರು. ಮನೆಯಲ್ಲಿ ಇಡಲಾರದಷ್ಟು ದೊಡ್ಡ ಸಾಮಗ್ರಿ ಅದು.

ಇನ್ನೂ ಸೊಗಸಾದ ಉಪಾಯ 1949ರಲ್ಲಿ ಹೊರಬಂತು. ಅದೇ ಪ್ರಯೋಗಾಲಯದ ವಿನ್‌ಸ್ಟನ್ ಕಾಕ್ ಮತ್ತು ಹಾರ್ವೆ ಎಂಬ ಇಬ್ಬರು ಸೂಕ್ಷ್ಮ ರೇಡಿಯೊ ಅಲೆಗಳಿಗೆ ಮಾಡುತ್ತಿದ್ದ ಮಸೂರದಂಥದನ್ನೇ ಸದ್ದಿಗೂ ಮಾಡಬಹುದೆಂದು ತೋರಿಸಿದರು. ಸದ್ದಿಗೆ ಮಸೂರ! ಕನ್ನಡಕದ ಗಾಜು ಬೆಳಕಿಗೆ ಮಾಡುವುದನ್ನು ಕೆಲವು ತಗಡುಗಳು ಸದ್ದಿಗೆ ಮಾಡುತ್ತವೆ. ಅದರ ಒಂದು ಬಗೆ ನೋಡಲು ಹಳೆಯ ಕಚೇರಿಗಳ ಕಿಟಕಿಯ ಓರೆಪಟ್ಟಿಗಳಂತೆ ಇರುತ್ತದೆ. ಹಾರ್ನಿನ ಬಾಯ ಮುಂದೆ ತಗಡುಗಳನ್ನು ಒಂದರ ಮೇಲೊಂದರಂತೆ ಓರೆಯಾಗಿ, ಸಣ್ಣ ಸಂದು ಬಿಟ್ಟು ನಿಲ್ಲಿಸುತ್ತಾರೆ. ಸಂದಿನೊಳಗೆ ನುಗ್ಗಿದ ಸದ್ದು ಓರೆಯಾಗಿ ನಡೆಯಬೇಕಾದ್ದರಿಂದ ಅದಕ್ಕೆ ದಾರಿ ಉದ್ದವಾಗುತ್ತದೆ. ನಡುವೆ ತಗಡು ಗಿಡ್ಡ, ಎರಡು ಪಕ್ಕಕ್ಕೆ ಬರುಬರುತ್ತ ಉದ್ದ. ಆದ್ದರಿಂದ ನಡುವಿನ ಸದ್ದು ಬೇಗ ಹೊರಬೀಳುತ್ತದೆ, ಪಕ್ಕದ್ದು ಹಿಂದುಳಿಯುತ್ತದೆ. ಅಲೆಯ ಮುಖ ಉಬ್ಬಿ ಎಡಬಲಕ್ಕೆ ಹರಡುತ್ತದೆ. 1950ರ ದಶಕದಲ್ಲಿ ಲ್ಯಾನ್ಸಿಂಗ್ ಹೆಸರಿನ ಅಮೆರಿಕದ ಸಂಸ್ಥೆ ಇದನ್ನು ತನ್ನ ಹಾರ್ನುಗಳಿಗೆ ತೊಡಿಸಿತು. ಹಳೆಯ ಧ್ವನಿಯಂತ್ರಗಳನ್ನು ಕೂಡಿಹಾಕುವ ಹವ್ಯಾಸಿಗಳು ಇಂದಿಗೂ ಅವನ್ನು ಜತನದಿಂದ ಇಟ್ಟುಕೊಂಡಿದ್ದಾರೆ.

ಈ ಮಸೂರವನ್ನು ಹೇಗೆ ನಿಲ್ಲಿಸಬೇಕೆಂಬುದರಲ್ಲಿ ಅನೇಕರಿಗೆ ಗೊಂದಲ. ತಗಡುಗಳು ನೆಲದ ಕಡೆಗೆ ಬಾಗಿದ್ದರೆ ಸದ್ದು ನೆಲಕ್ಕೆ ಹೋಗುತ್ತದೆ, ಸೂರಿನ ಕಡೆಗೆ ಬಾಗಿದ್ದರೆ ಸೂರಿಗೆ ಹೋಗುತ್ತದೆ ಎಂದು ಮೇಲುನೋಟಕ್ಕೆ ಅನ್ನಿಸುವುದು ಸಹಜ. ಕಿಟಕಿಯ ಪಟ್ಟಿ ಬೆಳಕನ್ನು ಹಾಗೆ ಮಾಡುತ್ತದಲ್ಲ! ಆದರೆ ಮೇಲಿನ ಸಂದು, ಕೆಳಗಿನ ಸಂದು ಎಲ್ಲದರಿಂದಲೂ ಸದ್ದು ಒಂದೇ ಕ್ಷಣಕ್ಕೆ ಹೊರಬರುವುದರಿಂದ, ಸಂದುಗಳು ಅಲೆಯ ಉದ್ದಕ್ಕಿಂತ ಸಾಕಷ್ಟು ಕಿರಿದಾಗಿರುವವರೆಗೆ ಅಲೆ ಕೂಡಿಕೊಂಡು ನೇರ ಮುಂದಕ್ಕೇ ನಡೆಯುತ್ತದೆ. ನಿಜವಾಗಿ ಕೆಡುವುದು ಇಡೀ ಮಸೂರವನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದಾಗ. ಆಗ ಎಡಬಲಕ್ಕೆ ಹರಡಬೇಕಾದ ಸದ್ದು ಸೂರಿಗೂ ನೆಲಕ್ಕೂ ಹರಡುತ್ತದೆ. ಅಂಚಿನ ಆಸನದವರು ಮತ್ತೆ ಕಂಬಳಿಯ ಮಾತನ್ನೇ ಕೇಳಬೇಕು.

ಮಸೂರದ ಹಾರ್ನು ನಮ್ಮ ಮೂರು ತಾಲ್ಲೂಕುಗಳ ಜಾತ್ರೆ-ಸಭೆಗಳಿಗೆ ಬರಲಿಲ್ಲ. ಬಂದಿದ್ದರೂ ಮೊದಲ ಮಳೆಗಾಲದಲ್ಲೇ ಆ ಸಂದುಗಳಲ್ಲಿ ಕಣಜ ಗೂಡು ಕಟ್ಟುತ್ತಿತ್ತು. ಆದರೆ ನಿಲ್ಲಿಸುವ ರೀತಿಯಲ್ಲಿ ಆಗುವ ಅದೇ ಅನ್ಯಾಯವನ್ನು ಬೇರೊಂದು ಸಾಧನದಲ್ಲಿ ನಾವು ದಿನನಿತ್ಯ ಮಾಡುತ್ತಿದ್ದೇವೆ. ಕಲ್ಯಾಣಮಂಟಪಗಳ ಗೋಡೆಗೆ ತೂಗುಹಾಕುವ ಉದ್ದನೆಯ ಕಾಲಂ ಪೆಟ್ಟಿಗೆಯನ್ನು ವಾಚಕರು ನೋಡಿದ್ದೀರಿ. ಅದರೊಳಗೆ ನಾಲ್ಕಾರು ಸಣ್ಣ ಸ್ಪೀಕರುಗಳು ಒಂದರ ಮೇಲೊಂದು ಕುಳಿತಿರುತ್ತವೆ. ನೆಟ್ಟಗೆ ನಿಲ್ಲಿಸಿದರೆ ಅದು ಸದ್ದನ್ನು ಎಡಬಲಕ್ಕೆ ಅಗಲವಾಗಿ, ಮೇಲೆ ಕೆಳಗೆ ಕಿರಿದಾಗಿ ಹಂಚುತ್ತದೆ. ಸಭೆಗೆ ಬೇಕಾದದ್ದು ಅದೇ. ಒಂದು ಸಭಾಭವನದಲ್ಲಿ ಅದನ್ನು ವೇದಿಕೆಯ ಅಂಚಿನಲ್ಲಿ, ನೋಟಕ್ಕೆ ಅಡ್ಡ ಬಾರದಿರಲೆಂದು, ಮಲಗಿಸಿ ಇಟ್ಟಿದ್ದರು. ಆ ಸಂಜೆ ಹಳಗನ್ನಡ ಛಂದಸ್ಸನ್ನು ಕುರಿತು ನಾನು ಮಾಡಿದ ಉಪನ್ಯಾಸದ ವ್ಯಂಜನಗಳನ್ನೆಲ್ಲ ನಡುವಿನ ಎರಡು ಸಾಲು ಮತ್ತು ಸೂರಿನ ಹಲ್ಲಿಗಳು ಹಂಚಿಕೊಂಡವು. ಪಕ್ಕದಲ್ಲಿ ಕುಳಿತವರು ಸೌಜನ್ಯದಿಂದ ತಲೆದೂಗಿದರು.

ಮಸೂರ ಪೆಟ್ಟಿಗೆಯಲ್ಲಿ ಬರಲಿಲ್ಲವಾದರೂ, ಅದಕ್ಕಿಂತ ದೊಡ್ಡದೊಂದು ಮಸೂರ ನಮ್ಮ ತಲೆಯ ಮೇಲೆಯೇ ಇದೆ. ಬಿಸಿಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು, ತಣ್ಣನೆಯದರಲ್ಲಿ ಕಡಿಮೆ. ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ವ್ಯತ್ಯಾಸ. ಹಗಲಿನಲ್ಲಿ ನೆಲ ಕಾದು, ನೆಲದ ಬಳಿಯ ಸದ್ದು ಓಡಿ, ಅಲೆ ಮೇಲಕ್ಕೆ ಬಾಗಿ ಆಕಾಶ ಸೇರುತ್ತದೆ. ಚಳಿಗಾಲದ ರಾತ್ರಿ ಕಣಿವೆಯ ನೆಲವೂ ನದಿಯ ಮೈಯೂ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗಿದ್ದಾಗ ಅಲೆ ಕೆಳಕ್ಕೆ ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ತೀರ್ಥಹಳ್ಳಿಯ ತುಂಗೆಯ ದಂಡೆಯಲ್ಲಿ ರಾತ್ರಿ ಆಗುವ ಸದ್ದು ಹಗಲಿನಲ್ಲಿ ಎಂದೂ ಮುಟ್ಟದ ಹಳ್ಳಿಗಳನ್ನು ಮುಟ್ಟುವುದು ಈ ಕಾರಣದಿಂದ. ಎಲ್ಲೋ ಗದ್ದೆಯ ಬಯಲಲ್ಲಿ ನಡೆಯುವ ಯಕ್ಷಗಾನದ ಚಂಡೆ, ನಡುರಾತ್ರಿ ನಮ್ಮ ಹಾಸಿಗೆಯ ಪಕ್ಕದಲ್ಲೇ ಬಾರಿಸಿದಂತೆ ಕೇಳುವುದೂ ಅದಕ್ಕೇ.

ಯಕ್ಷಗಾನದ ಮಾತು ಬಂದದ್ದರಿಂದ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಬಡಗುತಿಟ್ಟಿನಲ್ಲಿ ಭಾಗವತರು ಕೂರುವುದು ರಂಗಸ್ಥಳದ ಹಿಂಬದಿಯಲ್ಲಿ. ಕುಣಿಯುವವರನ್ನೂ ಚಂಡೆಯನ್ನೂ ದಾಟಿ ಅವರ ಪದ ಬಯಲಿನ ಕೊನೆಗೆ ಮುಟ್ಟಬೇಕಿತ್ತು. ಹಾರ್ನ್ ಇಲ್ಲದ ಕಾಲದ ಭಾಗವತರು ಏರುಶ್ರುತಿಯಲ್ಲಿ ಹಾಡಿದ್ದು ಶೌರ್ಯಪ್ರದರ್ಶನಕ್ಕಲ್ಲ, ಅಗತ್ಯಕ್ಕೆ. ಮೈಕ್ ಬಂದ ಮೇಲೆ ಶ್ರುತಿ ಇಳಿಯಿತು. ಪಿಸುಮಾತಿನಂಥ ಆಲಾಪ, ನಯವಾದ ಗಮಕ ಸಾಧ್ಯವಾದವು. ಎಳೆಯ ವಯಸ್ಸಿನಲ್ಲಿ, 1990ರಲ್ಲಿ, ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಹಾಡುಗಾರಿಕೆ ಮೈಕೂ ಕ್ಯಾಸೆಟ್ಟೂ ಸೇರಿದ ಕಾಲದ ಹಾಡುಗಾರಿಕೆ. ಆ ಕಂಠದ ಸೂಕ್ಷ್ಮಗಳು ಮೈಕಿಲ್ಲದೆ ಹತ್ತನೆಯ ಸಾಲಿಗೆ ಹೋಗುತ್ತಿದ್ದುವೇ ಎಂದು ನನಗೆ ಸಂದೇಹ. ಮೈಕಿನಿಂದ ಯಕ್ಷಗಾನ ಕೆಟ್ಟಿತೆಂದು ಗೊಣಗುವವರ ಪಕ್ಷಕ್ಕೆ ನಾನು ಸೇರಿದವನಲ್ಲ. ಆದರೆ ಏರುಶ್ರುತಿಯಲ್ಲಿ ಪದದ ವ್ಯಂಜನಗಳನ್ನು ಕತ್ತರಿಸಿ ಎಸೆಯುವ ಹಳೆಯ ವಿದ್ಯೆ ಹೋಯಿತು, ಅದು ನಿಜ. ಹೆಗ್ಗೋಡಿನ ನೀನಾಸಮ್ ಸಂಸ್ಥೆ 1949ರಲ್ಲಿ, ಅಂದರೆ ಸದ್ದಿನ ಮಸೂರ ಹುಟ್ಟಿದ ವರ್ಷದಲ್ಲೇ, ಹುಟ್ಟಿತು. 1972ರಲ್ಲಿ ಅಲ್ಲಿ ಕಟ್ಟಿದ ಶಿವರಾಮ ಕಾರಂತ ರಂಗಮಂದಿರದಲ್ಲಿ ಕುಳಿತು ನಾಟಕ ನೋಡಿದಾಗಲೆಲ್ಲ ನಾನು ಗಮನಿಸುವುದು ನಟರು ಪದದ ಕೊನೆಯನ್ನು ನುಂಗದೆ ಹೇಳುವ ರೀತಿಯನ್ನು. ಮುಖ ಪಕ್ಕಕ್ಕೆ ತಿರುಗಿಸಿದಾಗ ಒಳ್ಳೆಯ ನಟ ಮಾತನ್ನು ಜೋರು ಮಾಡುವುದಿಲ್ಲ, ಬಿಡಿಸುತ್ತಾನೆ. ನಮ್ಮ ಬಾಯಿಯೂ ಒಂದು ಕಹಳೆಯೇ ಆದುದರಿಂದ, ಅದರ ಪಕ್ಕದಲ್ಲಿರುವವರಿಗೂ ವ್ಯಂಜನಗಳು ಕಡಿಮೆಯೇ ತಲುಪುತ್ತವೆ.

ಈಚೆಗೆ ಕಾನೂನು ಕೂಡ ಹಾರ್ನಿನ ಕಡೆಗೆ ತಿರುಗಿದೆ. 2000ದ ಶಬ್ದಮಾಲಿನ್ಯ ನಿಯಮಗಳೂ 2005ರ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಮಲಗಿದ ಮಕ್ಕಳಿಗೂ ರೋಗಿಗಳಿಗೂ ಇದು ಬೇಕಾದ ರಕ್ಷಣೆ. ಬೆಳಗಾಗುವವರೆಗೆ ನಡೆಯುವ ಬಯಲಾಟದವರಿಗೆ ಅಷ್ಟೇ ನಿಜವಾದ ಸಂಕಟ. ಈ ಎರಡರ ನಡುವೆ ಒಂದು ದಾರಿ ಇದ್ದೇ ಇತ್ತು: ಹಾರ್ನಿನ ಬಾಯಿಯನ್ನು ಊರಿನಿಂದ ತಿರುಗಿಸಿ ಪ್ರೇಕ್ಷಕರ ತಲೆಗಳ ಕಡೆಗೆ ಇಳಿಸುವುದು, ಒಂದು ದೊಡ್ಡದರ ಬದಲು ನಾಲ್ಕು ಸಣ್ಣವನ್ನು ಹತ್ತಿರದಲ್ಲಿ ಕಟ್ಟುವುದು. ಸದ್ದು ಅರ್ಧದಷ್ಟಿದ್ದರೂ ಮಾತು ಪೂರ್ತಿ ತಲುಪುತ್ತಿತ್ತು. ಡೆಸಿಬೆಲ್ ಅಳೆಯುವ ಯಂತ್ರ ಸದ್ದಿನ ಪ್ರಮಾಣವನ್ನು ಹೇಳುತ್ತದೆ. ಅದರಲ್ಲಿ ಮಾತೆಷ್ಟು, ಗದ್ದಲವೆಷ್ಟು ಎಂದು ಹೇಳುವುದಿಲ್ಲ.

ತೀರ್ಥಹಳ್ಳಿಯ ಆ ಹಿರಿಯರು ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ಮಗ ಬಾಡಿಗೆಗೆ ಕೊಡುವುದು ಕರಿಯ ಪೆಟ್ಟಿಗೆಗಳನ್ನು. ಹಾರ್ನುಗಳು ಶಾಲೆಯ ಆಗಸ್ಟ್ ಹದಿನೈದಕ್ಕೂ ಪಂಚಾಯಿತಿಯ ಕಸದ ಗಾಡಿಗೂ ಉಳಿದಿವೆ. ಕೊನೆಯ ಸಲ ಹೋದಾಗ, ಹಾರ್ನಿನ ಬಾಯಿಯನ್ನು ಎಷ್ಟು ಕೆಳಕ್ಕೆ ಬಾಗಿಸಬೇಕೆಂಬುದನ್ನು ಮೊದಲು ಕಲಿತದ್ದು ಹೇಗೆಂದು ಕೇಳಿದೆ. ಅವರು ನಕ್ಕರು. ಅವರು ಕೆಲಸ ಕಲಿತದ್ದು ಆಗುಂಬೆಯ ಮಳೆಯಲ್ಲಂತೆ. ಬಾಯಿ ಮೇಲಕ್ಕಿದ್ದರೆ ನೀರು ಒಳಗೆ ತುಂಬಿ ಯೂನಿಟ್ ಸುಟ್ಟುಹೋಗುತ್ತಿತ್ತು. ಅದಕ್ಕೆ ಕೆಳಕ್ಕೆ ಬಾಗಿಸಿ ಕಟ್ಟಿದರು. ಅಂದಿನ ಸಭೆಯಲ್ಲಿ ಕೊನೆಯ ಸಾಲಿನ ಮುದುಕರೊಬ್ಬರು ಎದ್ದು ಬಂದು, ಇವತ್ತೇ ಮೊದಲ ಸಲ ಮಾತು ತಿಳಿಯಿತು ಎಂದು ಹೇಳಿ ಹೋದರಂತೆ.